ಪರ್ಸಿಸ್ ಖಂಬಾಟಾ: ರೂಪದರ್ಶಿಯಿಂದ ಕಿರುತೆರೆ, ಬೆಳ್ಳಿತೆರೆಯವರೆಗೆ

ಪರ್ಸಿಸ್ ಖಂಬಾಟಾ (1948–1998) ಮುಂಬಯಿಯ ಪಾರ್ಸಿ ಮನೆತನದಲ್ಲಿ ಹುಟ್ಟಿ, ಹದಿಹರೆಯದಲ್ಲೇ ಜಾಹೀರಾತುಗಳಲ್ಲಿ ಕಾಣಿಸಿಕೊಂಡು, 1965ರಲ್ಲಿ ಫೆಮಿನಾ ಮಿಸ್ ಇಂಡಿಯಾ ಆಗಿ, ಮುಂದೆ ಲಂಡನ್ ಮಾರ್ಗವಾಗಿ ಹಾಲಿವುಡ್ ತಲುಪಿದ ನಟಿ. 1979ರ ‘ಸ್ಟಾರ್ ಟ್ರೆಕ್: ದಿ ಮೋಷನ್ ಪಿಕ್ಚರ್’ ಚಿತ್ರದಲ್ಲಿ ತಲೆ ಬೋಳಿಸಿಕೊಂಡು ನಟಿಸಿದ ಇಲಿಯಾ ಪಾತ್ರದಿಂದಲೇ ಅವರು ಇವತ್ತಿಗೂ ನೆನಪಿನಲ್ಲಿದ್ದಾರೆ. ಅವರ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಒಂದೇ ರೀತಿ ಹೇಳುತ್ತಾರೆ: ಸಾಬೂನಿನ ಜಾಹೀರಾತಿನಿಂದ ಸೌಂದರ್ಯ ಸ್ಪರ್ಧೆ, ಅಲ್ಲಿಂದ ಹಿಂದಿ ಸಿನಿಮಾ, ಅಲ್ಲಿಂದ ಹಾಲಿವುಡ್, ಆಮೇಲೆ ಅಪಘಾತ, ಹೃದ್ರೋಗ, ಅಕಾಲ ಮರಣ. ಏರಿದ್ದು ಅದೃಷ್ಟದಿಂದ, ಇಳಿದದ್ದು ದುರದೃಷ್ಟದಿಂದ ಎಂಬುದು ಈ ನಿರೂಪಣೆಯ ಒಳಮಾತು. ಅವರ ವೃತ್ತಿಜೀವನದ ದಾಖಲೆಗಳನ್ನು ಕ್ರಮವಾಗಿ ನೋಡುತ್ತ ಹೋದರೆ ಇದಕ್ಕಿಂತ ಬೇರೆಯದೇ ಆದ ಕಾರಣವೊಂದು ಕಾಣುತ್ತದೆ. ರೂಪದರ್ಶಿಯೊಬ್ಬಳು ನಟಿಯಾಗಿ ಮಾಗಬೇಕಾದರೆ ನಡುವೆ ಮಾತು, ಧ್ವನಿ, ಎದುರು ಪಾತ್ರದೊಂದಿಗಿನ ಒಡನಾಟವನ್ನು ದಿನದಿನವೂ ರೂಢಿ ಮಾಡಿಸುವ ಒಂದು ಘಟ್ಟ ಬೇಕು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಕೆಲಸವನ್ನು ಹೆಚ್ಚಾಗಿ ಮಾಡಿದ್ದು ಟಿ.ವಿ. ಧಾರಾವಾಹಿ. ಪರ್ಸಿಸ್ ಆ ಘಟ್ಟದ ಬಾಗಿಲಿಗೆ ಬಂದು ನಿಂತಿದ್ದಾಗಲೇ ಅವರನ್ನು ಅಲ್ಲಿಂದ ನೇರವಾಗಿ ದೊಡ್ಡ ಪರದೆಗೆ ಎತ್ತಿಕೊಂಡು ಹೋಗಲಾಯಿತು. ಅವರ ಬದುಕಿನ ಅತಿ ದೊಡ್ಡ ಬಡ್ತಿ ಎಂದು ಎಲ್ಲರೂ ಎಣಿಸುವ ಆ ಘಟನೆಯೇ ನಟಿಯಾಗಿ ಅವರಿಗಾದ ದೊಡ್ಡ ನಷ್ಟ ಎಂಬುದು ಈ ಲೇಖನದ ನಿಲುವು.

ಅವರ ಆರಂಭ ತೀರ ಆಕಸ್ಮಿಕ. ಸುಮಾರು ಹದಿಮೂರರ ವಯಸ್ಸಿನಲ್ಲಿ ಮುಂಬಯಿಯ ಹೆಸರಾಂತ ಛಾಯಾಗ್ರಾಹಕರೊಬ್ಬರು ಅವರ ಕೆಲವು ಚಿತ್ರಗಳನ್ನು ತೆಗೆದರು. ಅವು ರೆಕ್ಸೋನಾ ಸಾಬೂನಿನ ಪ್ರಚಾರಕ್ಕೆ ಬಳಕೆಯಾದವು. ಮಿಸ್ ಇಂಡಿಯಾ ಕಿರೀಟ ಸಿಕ್ಕಾಗ ಅವರಿಗಿನ್ನೂ ಹದಿನೇಳು ತುಂಬಿರಲಿಲ್ಲ. ಅದೇ ವರ್ಷ ಅಮೆರಿಕದ ಮಯಾಮಿ ಬೀಚ್‌ನಲ್ಲಿ ನಡೆದ ಮಿಸ್ ಯೂನಿವರ್ಸ್ ಸ್ಪರ್ಧೆಯಲ್ಲಿ ಭಾರತವನ್ನು ಪ್ರತಿನಿಧಿಸಿದರು. ಏರ್ ಇಂಡಿಯಾ, ರೆವ್ಲಾನ್, ಗಾರ್ಡನ್ ವರೇಲಿಯಂಥ ಸಂಸ್ಥೆಗಳಿಗೆ ಅವರು ರೂಪದರ್ಶಿಯಾದರು. ಆ ಕಾಲದ ಜಾಹೀರಾತು ಪ್ರಪಂಚ ಮುಖ್ಯವಾಗಿ ಮುದ್ರಣದ ಪ್ರಪಂಚ. ಪತ್ರಿಕೆಯ ಪುಟ, ಕ್ಯಾಲೆಂಡರ್, ಬೀದಿಯ ದೊಡ್ಡ ಫಲಕ ಇವೇ ಅದರ ವೇದಿಕೆ. ಅಲ್ಲಿ ರೂಪದರ್ಶಿ ಕಲಿಯುವ ಕಸುಬು ಹಗುರವಾದದ್ದೇನಲ್ಲ. ಬೆಳಕು ಕೆನ್ನೆಯ ಯಾವ ಕಡೆಯಿಂದ ಬೀಳುತ್ತಿದೆ, ಕುತ್ತಿಗೆ ಎಷ್ಟು ಹೊರಳಿದರೆ ಮುಖದ ಗೆರೆ ಕೆಡುತ್ತದೆ, ಕಣ್ಣನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೆಲ್ಲ ಮೈಗೆ ಅಭ್ಯಾಸ ಮಾಡಿಸಬೇಕು; ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಆದರೆ ಅಲ್ಲಿ ಮಾತಿಲ್ಲ. ಎದುರಿನವರ ಮಾತು ಕೇಳಿ ಮುಖದ ಭಾವ ಬದಲಾಗುವ ಪ್ರಶ್ನೆಯೂ ಇಲ್ಲ. ಚಿತ್ರ ತೆಗೆಯುವ ಕ್ಷಣಕ್ಕೆ ಮೊದಲೇನಾಯಿತು, ಆಮೇಲೇನಾಗುತ್ತದೆ ಎಂಬುದು ಫೋಟೋಗೆ ಬೇಕಿಲ್ಲ. ನಟನೆಗೆ ಬೇಕಾದದ್ದು ಮಾತ್ರ ಅದೇ.

ಈ ಅಂತರವನ್ನು ದಾಟಲು ಅಂದಿನ ಮುಂಬಯಿಯಲ್ಲಿ ಕಿರುತೆರೆಯೆಂಬ ದಾರಿಯೇ ಇರಲಿಲ್ಲ. ಆ ನಗರಕ್ಕೆ ಟಿ.ವಿ. ಬಂದದ್ದು 1972ರಲ್ಲಿ, ದೂರದರ್ಶನದಲ್ಲಿ ಧಾರಾವಾಹಿಗಳ ಕಾಲ ಶುರುವಾದದ್ದು 1984ರ ‘ಹಮ್ ಲೋಗ್’ನಿಂದ. ಉಳಿದದ್ದು ರಂಗಭೂಮಿ. ಅದರ ಮಹತ್ವ ಏನೆಂಬುದಕ್ಕೆ ಅದೇ ಜಾಹೀರಾತು ವಲಯದಿಂದ ಬಂದ ಕಬೀರ್ ಬೇಡಿಯವರೇ ಸಾಕ್ಷಿ. ಅಲೀಕ್ ಪದಮ್‌ಸಿಯವರು ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವನ್ನು 1970ರಲ್ಲಿ ಇಂಗ್ಲಿಷ್‌ನಲ್ಲಿ ಆಡಿಸಿದಾಗ ಸುಲ್ತಾನನ ಪಾತ್ರ ವಹಿಸಿದ್ದು ಬೇಡಿ. ಕನ್ನಡದಲ್ಲಿ ಹುಟ್ಟಿದ ಆ ನಾಟಕದ ಮುಖ್ಯ ಪಾತ್ರ ಎಂಥ ನಟನಿಂದಲೂ ಧ್ವನಿಯ ಏರಿಳಿತವನ್ನು, ಉದ್ದುದ್ದ ಮಾತುಗಳ ಮೇಲಿನ ಹಿಡಿತವನ್ನು ಕೇಳುತ್ತದೆ. ಬೇಡಿಯವರು ಮುಂದೆ ಇಟಲಿಯಲ್ಲಿ ಮನೆಮಾತಾದದ್ದು ಸಿನಿಮಾದಿಂದಲ್ಲ, 1976ರಲ್ಲಿ ಪ್ರಸಾರವಾದ ಆರು ಕಂತುಗಳ ‘ಸಂದೋಕನ್’ ಎಂಬ ಟಿ.ವಿ. ಮಾಲಿಕೆಯಿಂದ. ರೂಪದರ್ಶಿಯ ಮೈಕಟ್ಟು, ರಂಗಭೂಮಿಯ ಧ್ವನಿ, ಧಾರಾವಾಹಿಯ ಕಾಲಾವಕಾಶ ಮೂರೂ ಅವರಲ್ಲಿ ಕೂಡಿಬಂದವು. ಪರ್ಸಿಸ್‌ಗೆ ಸಿಕ್ಕಿದ್ದು ಮೊದಲನೆಯದು ಮಾತ್ರ.

ಹಿಂದಿ ಚಿತ್ರರಂಗ ಅವರನ್ನು ಹೇಗೆ ಬಳಸಿಕೊಂಡಿತು ಎಂಬುದನ್ನು ಮೊದಲ ಚಿತ್ರವೇ ಹೇಳುತ್ತದೆ. ಖ್ವಾಜಾ ಅಹ್ಮದ್ ಅಬ್ಬಾಸ್ ನಿರ್ದೇಶಿಸಿದ ‘ಬಂಬಯಿ ರಾತ್ ಕೀ ಬಾಹೋಂ ಮೇ’ 1960ರ ದಶಕದ ಕೊನೆಯ ಭಾಗದ ಕಪ್ಪುಬಿಳುಪು ಚಿತ್ರ. ಅದರ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಅದರಲ್ಲಿ ಪರ್ಸಿಸ್ ಕ್ಯಾಬರೆ ಹಾಡುಗಾರ್ತಿ. ಅಬ್ಬಾಸ್ ಹೊಸ ಮುಖಗಳನ್ನು ನಂಬಿ ಚಿತ್ರ ಮಾಡುತ್ತಿದ್ದವರು, ಸಮಾಜದ ಬಗ್ಗೆ ಹೇಳುವುದು ಬೇಕಾದಷ್ಟಿದ್ದವರು. ಅಂಥವರ ಚಿತ್ರದಲ್ಲೂ ರೂಪದರ್ಶಿಗೆ ಸಿಕ್ಕಿದ್ದು ನೋಡಿಸಿಕೊಳ್ಳುವ ಪಾತ್ರವೇ. ಹಿಂದಿ ಸಿನಿಮಾದಲ್ಲಿ ಅವರು ಬೇರೂರಲಿಲ್ಲ. ಲಂಡನ್ನಿಗೆ ಹೋಗಿ ಅಲ್ಲೂ ಮಾಡೆಲಿಂಗ್ ಮಾಡಿದರು. 1975ರಲ್ಲಿ ಎರಡು ಇಂಗ್ಲಿಷ್ ಚಿತ್ರಗಳಲ್ಲಿ ಕಾಣಿಸಿಕೊಂಡರು. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯನ್ನು ಹಿನ್ನೆಲೆಯಾಗಿ ಇಟ್ಟುಕೊಂಡ ‘ದಿ ವಿಲ್ಬಿ ಕಾನ್‌ಸ್ಪಿರಸಿ’ಯಲ್ಲಿ ಸಿಡ್ನಿ ಪಾಯ್ಟಿಯೇ, ಮೈಕಲ್ ಕೇನ್, ಸಯೀದ್ ಜಾಫ್ರಿ ಅವರೊಂದಿಗೆ ನಟಿಸಿದರು, ಅಲ್ಲಿ ಪಾತ್ರದ ಹೆಸರೂ ಪರ್ಸಿಸ್ ಎಂದೇ ಇತ್ತು. ಬ್ರಿಟಿಷರ ಕಾಲದ ಭಾರತದ ಸೇನಾ ತುಕಡಿಯೊಂದರಲ್ಲಿ ನಡೆಯುವ ‘ಕಾಂಡಕ್ಟ್ ಅನ್‌ಬಿಕಮಿಂಗ್’ನಲ್ಲಿ ಅವರದು ಮಿಸೆಸ್ ಬಂಡನಾಯ್ ಎಂಬ ವಿಧವೆಯ ಪಾತ್ರ. ಮೈಕಲ್ ಯಾರ್ಕ್, ರಿಚರ್ಡ್ ಅಟೆನ್‌ಬರೋ, ಟ್ರೆವರ್ ಹವರ್ಡ್, ಕ್ರಿಸ್ಟೋಫರ್ ಪ್ಲಮರ್ ಅವರಂಥ ಘಟಾನುಘಟಿಗಳ ನಡುವೆ ಸಿಕ್ಕಿದ ಚಿಕ್ಕ ಪಾತ್ರ ಅದು. ಆದರೆ ಕಥೆಯ ಗುಟ್ಟಿಗೆ ಹತ್ತಿರದ್ದು. ಅವರ ಆವರೆಗಿನ ಪಾತ್ರಗಳಲ್ಲಿ ಅಲಂಕಾರಕ್ಕಿಂತ ನೋವಿಗೆ ಹೆಚ್ಚು ಜಾಗವಿದ್ದದ್ದು ಇದರಲ್ಲೇ.

ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಮತ್ತೆ ಎದ್ದು ಬರುವ ಸನ್ನಾಹದಲ್ಲಿತ್ತು. 1966ರಿಂದ 1969ರವರೆಗೆ ಎನ್‌ಬಿಸಿ ವಾಹಿನಿಯಲ್ಲಿ ಪ್ರಸಾರವಾಗಿ ನಿಂತುಹೋಗಿದ್ದ ಈ ಮಾಲಿಕೆಗೆ ಮರುಪ್ರಸಾರದಿಂದಾಗಿ ಅಭಿಮಾನಿಗಳು ಬೆಳೆದಿದ್ದರು. ಪ್ಯಾರಾಮೌಂಟ್ ಸಂಸ್ಥೆ ತನ್ನದೇ ಟಿ.ವಿ. ಜಾಲ ಕಟ್ಟುವ ಯೋಜನೆ ಹಾಕಿ, ಅದರ ಮುಖ್ಯ ಆಕರ್ಷಣೆಯಾಗಿ 1977ರಲ್ಲಿ ‘ಸ್ಟಾರ್ ಟ್ರೆಕ್: ಫೇಸ್ II’ ಎಂಬ ಹೊಸ ಮಾಲಿಕೆಗೆ ಕೈಹಾಕಿತು. ಅದರ ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ಯೋಚಿಸಿದ್ದ ಹೊಸ ಪಾತ್ರಗಳಲ್ಲಿ ಇಲಿಯಾ ಒಬ್ಬಳು: ಡೆಲ್ಟಾ ಎಂಬ ಗ್ರಹದವಳು, ಎದುರಿನವರ ಭಾವನೆಗಳನ್ನು ಗ್ರಹಿಸಬಲ್ಲವಳು, ಬೋಳು ತಲೆಯವಳು, ಎಂಟರ್‌ಪ್ರೈಸ್ ನೌಕೆಗೆ ದಿಕ್ಕು ತೋರುವ ಅಧಿಕಾರಿ. ಈ ಪಾತ್ರಕ್ಕೆ ಪರ್ಸಿಸ್ ಆಯ್ಕೆಯಾದರು. ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಅವರು ಆಯ್ಕೆಯಾದದ್ದು ಒಂದು ಚಿತ್ರಕ್ಕಲ್ಲ, ವಾರವಾರ ನಡೆಯಬೇಕಾದ ಮಾಲಿಕೆಯ ಕಾಯಂ ಪಾತ್ರಕ್ಕೆ. ವಾರಕ್ಕೊಂದು ಕಂತು ಎಂದರೆ ದಿನವೂ ಹೊಸ ಸಂಭಾಷಣೆ, ಕಂತಿಗೊಬ್ಬ ಬರಹಗಾರ, ಕಂತಿಗೊಬ್ಬ ನಿರ್ದೇಶಕ, ವಿಲಿಯಂ ಶಾಟ್ನರ್‌ ಅಂಥ ಪಳಗಿದವರ ಎದುರು ಬೆಳಗಿನಿಂದ ಸಂಜೆಯವರೆಗೆ ನಿಂತು ಮಾತಾಡುವ ಕೆಲಸ. ಮೊದಲ ಕಂತುಗಳಲ್ಲಿ ಎಡವಿದರೂ ಹತ್ತನೆಯ ಕಂತಿನ ಹೊತ್ತಿಗೆ ಸರಿಹೋಗಲು ಅವಕಾಶವಿರುತ್ತದೆ; ನಟಿಯ ಬಲ ಯಾವುದು ಎಂದು ತಿಳಿದ ಬರಹಗಾರರು ಅದಕ್ಕೆ ತಕ್ಕಂತೆ ಬರೆಯತೊಡಗುತ್ತಾರೆ. ರೂಪದರ್ಶಿಯ ಹಿನ್ನೆಲೆಯವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಾರದು.

ಆ ಶಾಲೆ ತೆರೆಯಲೇ ಇಲ್ಲ. ಟಿ.ವಿ. ಜಾಲದ ಯೋಜನೆ ಬಿದ್ದುಹೋಯಿತು. ಅದೇ 1977ರಲ್ಲಿ ‘ಸ್ಟಾರ್ ವಾರ್ಸ್’, ‘ಕ್ಲೋಸ್ ಎನ್‌ಕೌಂಟರ್ಸ್’ ಚಿತ್ರಗಳು ಗಳಿಸಿದ ಹಣ ಕಂಡ ಪ್ಯಾರಾಮೌಂಟ್ ಮಾಲಿಕೆಯ ಮೊದಲ ಕಥೆಯನ್ನೇ ಹಿಗ್ಗಿಸಿ ದೊಡ್ಡ ಚಿತ್ರ ಮಾಡಲು ತೀರ್ಮಾನಿಸಿತು. ‘ದಿ ಸೌಂಡ್ ಆಫ್ ಮ್ಯೂಸಿಕ್’ನ ನಿರ್ದೇಶಕ ರಾಬರ್ಟ್ ವೈಸ್ ಬಂದರು. 1978ರ ಆಗಸ್ಟ್‌ನಲ್ಲಿ ಚಿತ್ರೀಕರಣ ಶುರುವಾಯಿತು. 1979ರ ಡಿಸೆಂಬರ್‌ನಲ್ಲಿ ಚಿತ್ರ ಬಿಡುಗಡೆಯಾಯಿತು. ಪರ್ಸಿಸ್‌ರ ಉದ್ದ ಕೂದಲನ್ನು ಕ್ಯಾಮೆರಾ ಮುಂದೆಯೇ ತೆಗೆಯಲಾಯಿತು. ಮುಖಸೌಂದರ್ಯವೇ ಬಂಡವಾಳವಾದ ವೃತ್ತಿಯಿಂದ ಬಂದ ಹೆಣ್ಣು ಇದಕ್ಕೆ ಒಪ್ಪಿದ್ದು ಸಣ್ಣ ಧೈರ್ಯವಲ್ಲ. ಕೂದಲು ಮತ್ತೆ ಸರಿಯಾಗಿ ಬೆಳೆಯದಿದ್ದರೆ ಎಂಬ ಭಯ ಅವರಿಗಿತ್ತು; ಆ ಭಯವನ್ನು ಮೀರಿ ಒಪ್ಪಿಕೊಂಡರು. ಚಿತ್ರದ ಪ್ರಚಾರ ಆ ಬೋಳು ತಲೆಯ ಸುತ್ತಲೇ ಹಬ್ಬಿತು, ನಟನೆಯ ಮಾತು ಹಿಂದೆ ಸರಿಯಿತು. ಕೊನೆಗೂ ಅವರು ನೋಡಿಸಿಕೊಳ್ಳುವವರಾಗಿಯೇ ಉಳಿದರು.

ಮಾಲಿಕೆಯಿಂದ ಸಿನಿಮಾಗೆ ಬರುವಾಗ ಇಲಿಯಾಳ ಗತಿಯೂ ಬದಲಾಯಿತು. ವರ್ಷಗಟ್ಟಲೆ ನೌಕೆಯಲ್ಲಿ ಇರಬೇಕಾಗಿದ್ದವಳನ್ನು ಚಿತ್ರದ ನಡುವೆಯೇ ವೀಜರ್ ಎಂಬ ನಿಗೂಢ ಶಕ್ತಿ ಮಾಯ ಮಾಡುತ್ತದೆ. ಬಳಿಕ ಅವಳ ರೂಪ ತಾಳಿದ ಯಂತ್ರವೊಂದು ಬಿಳಿ ಉಡುಪಿನಲ್ಲಿ, ಗಂಟಲ ಕುಳಿಯಲ್ಲಿ ಸಣ್ಣ ದೀಪ ಹೊಳೆಯುತ್ತ ಪ್ರತ್ಯಕ್ಷವಾಗುತ್ತದೆ. ಈ ಯಂತ್ರಕ್ಕೆ ಭಾವನೆಯಿಲ್ಲ, ಧ್ವನಿ ಏರಿಳಿಯುವುದಿಲ್ಲ, ರೆಪ್ಪೆ ಸುಮ್ಮನೆ ಅಲುಗುವುದಿಲ್ಲ. ಅಂದರೆ ರೂಪದರ್ಶಿಗೆ ಗೊತ್ತಿರುವ ನಿಶ್ಚಲತೆಯನ್ನೇ ಪಾತ್ರ ಬೇಡುತ್ತದೆ, ಕಲಿಯಬೇಕಾದದ್ದನ್ನು ಬೇಡುವುದಿಲ್ಲ. ಆದರೂ ಒಂದು ದೃಶ್ಯವನ್ನು ನಿಧಾನವಾಗಿ ನೋಡಬೇಕು. ಇಲಿಯಾ ಬದುಕಿದ್ದಾಗ ಧರಿಸುತ್ತಿದ್ದ ಹಣೆಪಟ್ಟಿಯೊಂದನ್ನು ನೌಕೆಯ ವೈದ್ಯೆ ಚಾಪೆಲ್ ತಂದು ಈ ಯಂತ್ರಕ್ಕೆ ತೊಡಿಸುತ್ತಾಳೆ. ಮುಖ ಮೊದಲು ಬದಲಾಗುವುದಿಲ್ಲ. ಆಮೇಲೆ ಬಿಗಿದ ದವಡೆ ಚೂರು ಸಡಿಲುತ್ತದೆ, ಕಣ್ಣಿಗೆ ಗುರುತು ಬರುತ್ತದೆ, ಹಳೆಯ ಪ್ರಿಯಕರ ಡೆಕ್ಕರ್‌ನ ಹೆಸರು ಹೆಣ್ಣಿನ ದನಿಯಲ್ಲೇ ಹೊರಡುತ್ತದೆ. ಮರುಕ್ಷಣ ಎಲ್ಲ ಮುಚ್ಚಿಕೊಂಡು ಯಂತ್ರದ ದನಿ ವಾಪಸಾಗುತ್ತದೆ. ಇಷ್ಟು ಸೂಕ್ಷ್ಮವಾದ ಬದಲಾವಣೆಯನ್ನು ಕತ್ತಿನಿಂದ ಮೇಲಿನ ಸ್ನಾಯುಗಳಿಂದಷ್ಟೇ ಮಾಡಿ ತೋರಿಸಬಲ್ಲವರು ನಟನೆ ಬಾರದವರಲ್ಲ. ಆ ಸಾಮರ್ಥ್ಯಕ್ಕೆ ಚಿತ್ರ ಕೊಟ್ಟ ಅವಕಾಶ ಕೆಲವೇ ನಿಮಿಷ. ಕೊನೆಗೆ ಡೆಕ್ಕರ್‌ನೂ ಇಲಿಯಾಳ ರೂಪವೂ ವೀಜರ್‌ನಲ್ಲಿ ಲೀನವಾಗಿ ಕಣ್ಮರೆಯಾಗುತ್ತಾರೆ. 1982ರ ಮುಂದಿನ ಚಿತ್ರದಲ್ಲಿ ಆ ಪಾತ್ರಕ್ಕೆ ಜಾಗವೇ ಇರಲಿಲ್ಲ.

ಚಿತ್ರ ಜಗತ್ತಿನಾದ್ಯಂತ ಹದಿಮೂರು ಕೋಟಿ ಡಾಲರ್‌ಗಿಂತ ಹೆಚ್ಚು ಗಳಿಸಿತು. ಪರ್ಸಿಸ್‌ಗೆ ಸ್ಯಾಟರ್ನ್ ಪ್ರಶಸ್ತಿಯ ಶ್ರೇಷ್ಠ ನಟಿ ವಿಭಾಗದಲ್ಲಿ ನಾಮನಿರ್ದೇಶನ ಸಿಕ್ಕಿತು. 1980ರ ಏಪ್ರಿಲ್‌ನಲ್ಲಿ ಆಸ್ಕರ್ ವೇದಿಕೆಯಿಂದ ಪ್ರಶಸ್ತಿ ಪ್ರದಾನ ಮಾಡಿದರು. ಈ ಗೌರವ ಪಡೆದ ಮೊದಲ ಭಾರತೀಯರು ಅವರೆಂದು ದಾಖಲಾಗಿದೆ. ಅದರ ಮುಂದಿನ ಪಾತ್ರಗಳನ್ನು ನೋಡಿದರೆ ಆ ಎತ್ತರ ಎಷ್ಟು ತೆಳುವಾಗಿತ್ತು ಎಂದು ತಿಳಿಯುತ್ತದೆ. 1981ರ ‘ನೈಟ್‌ಹಾಕ್ಸ್’ನಲ್ಲಿ ಸಿಲ್ವೆಸ್ಟರ್ ಸ್ಟಲೋನ್ ಎದುರು ಭಯೋತ್ಪಾದಕನ ಜತೆಗಾತಿ, 1982ರ ‘ಮೆಗಾಫೋರ್ಸ್’ನಲ್ಲಿ ಕಾಲ್ಪನಿಕ ದೇಶವೊಂದರ ಸೇನಾಧಿಕಾರಿಣಿ, ಆಮೇಲೆ ‘ವಾರಿಯರ್ ಆಫ್ ದಿ ಲಾಸ್ಟ್ ವರ್ಲ್ಡ್’ನಂಥ ಅಗ್ಗದ ಸಾಹಸ ಚಿತ್ರ. ಇವುಗಳಲ್ಲಿ ಯಾವುದೂ ಅವರಿಂದ ಹೊಸದೇನನ್ನೂ ಕೇಳಲಿಲ್ಲ.

ಈ ವಾದಕ್ಕೆ ಮೊದಲ ಆಕ್ಷೇಪ ಸಹಜವಾದದ್ದು. ಸಿನಿಮಾ ಆಗದಿದ್ದರೆ ಆ ಮಾಲಿಕೆಯೂ ಬರುತ್ತಿರಲಿಲ್ಲ. ಹಾಗಾಗಿ ಆಯ್ಕೆ ಇದ್ದದ್ದು ಸಿನಿಮಾಗೂ ಶೂನ್ಯಕ್ಕೂ ನಡುವೆ ಎಂದು ಹೇಳಬಹುದು. ಪ್ಯಾರಾಮೌಂಟ್‌ನ ಜಾಲ ಆಗ ಹುಟ್ಟಲಿಲ್ಲ ಎಂಬುದು ನಿಜ, ಸಿನಿಮಾ ಕೊಟ್ಟ ಪ್ರಸಿದ್ಧಿಯೂ ನಿಜ. ಆದರೆ ಪರ್ಸಿಸ್‌ಗೆ ತಪ್ಪು ಆಯ್ಕೆಯ ಹೊಣೆ ಹೊರಿಸುವುದು ಇಲ್ಲಿನ ಉದ್ದೇಶವಲ್ಲ. ತೀರ್ಮಾನ ಅವರ ಕೈಯಲ್ಲಿ ಇರಲೇ ಇಲ್ಲ. ಏನು ತಪ್ಪಿಹೋಯಿತು ಎಂಬುದನ್ನು ಗುರುತಿಸುವುದಷ್ಟೇ ಉದ್ದೇಶ, ಅದಕ್ಕೆ ಕಣ್ಣೆದುರಿನ ಪುರಾವೆಯೂ ಇದೆ. 1987ರಲ್ಲಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಮಾಲಿಕೆ ಬಂದಾಗ ಡೆಕ್ಕರ್–ಇಲಿಯಾ ಜೋಡಿಯ ಅಚ್ಚಿನಲ್ಲೇ ರೈಕರ್ ಮತ್ತು ಡಿಯಾನಾ ಟ್ರಾಯ್ ಪಾತ್ರಗಳು ರೂಪುಗೊಂಡವು. ಟ್ರಾಯ್ ಕೂಡ ಬೇರೆ ಗ್ರಹದ ರಕ್ತದವಳು, ಎದುರಿನವರ ಭಾವನೆ ಗ್ರಹಿಸುವವಳು, ನೌಕೆಯ ಅಧಿಕಾರಿಯೊಬ್ಬನ ಹಳೆಯ ಪ್ರೇಯಸಿ. ಆ ಪಾತ್ರ ವಹಿಸಿದ ಮರೀನಾ ಸರ್ಟಿಸ್‌ಗೆ ಏಳು ವರ್ಷ, 178 ಕಂತುಗಳ ಮಾಲಿಕೆ ಸಿಕ್ಕಿತು. ಮೊದಮೊದಲು ಪಾತ್ರಕ್ಕೆ ತೂಕ ಕಡಿಮೆ ಇತ್ತು. ವರ್ಷ ಕಳೆದಂತೆ ಬರಹಗಾರರು ಅವಳಿಗೆ ಸಂಕಟವನ್ನು, ಅಧಿಕಾರವನ್ನು ಕೊಟ್ಟರು. ಇಲಿಯಾಗೆ ಸಿಗದಿದ್ದ ಕಾಲಾವಕಾಶ ಅದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಕಿರುತೆರೆಯನ್ನು ಮುಟ್ಟದೆಯೇ ಸೌಂದರ್ಯ ಸ್ಪರ್ಧೆಯಿಂದ ಸಿನಿಮಾಗೆ ಬಂದು ಗೆದ್ದವರಿಲ್ಲವೇ? ಇದ್ದಾರೆ. 1970ರಲ್ಲಿ ಮಿಸ್ ಏಷ್ಯಾ ಪೆಸಿಫಿಕ್ ಆದ ಜೀನತ್ ಅಮಾನ್ ಮರುವರ್ಷವೇ ‘ಹರೇ ರಾಮ ಹರೇ ಕೃಷ್ಣ’ದಿಂದ ತಾರೆಯಾದರು. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ಮಾಡೆಲಿಂಗ್‌ನಿಂದ ಬಂದು 2006ರಲ್ಲಿ ಇಂದ್ರಜಿತ್ ಲಂಕೇಶ್ ನಿರ್ದೇಶನದ ಕನ್ನಡ ಚಿತ್ರ ‘ಐಶ್ವರ್ಯ’ದಲ್ಲಿ ಉಪೇಂದ್ರ ಎದುರು ಮೊದಲ ಸಲ ನಾಯಕಿಯಾದರು, 2007ರ ‘ಓಂ ಶಾಂತಿ ಓಂ’ನಲ್ಲಿ ಹಿಂದಿಗೆ ಹೋದರು. ಆದರೆ ಈ ಉದಾಹರಣೆಗಳು ವಾದವನ್ನು ಮುರಿಯುವುದಿಲ್ಲ, ಇನ್ನೊಂದು ಬಗೆಯಲ್ಲಿ ಎತ್ತಿಹಿಡಿಯುತ್ತವೆ. ಹಿಂದಿ ಚಿತ್ರರಂಗದಲ್ಲಿ ಗೆದ್ದ ನಾಯಕಿಗೆ ವರ್ಷಕ್ಕೆ ಹಲವಾರು ಚಿತ್ರಗಳು ಸಿಗುತ್ತವೆ. ಆ ಸಂಖ್ಯೆಯೇ ಧಾರಾವಾಹಿಯ ಕಂತುಗಳ ಕೆಲಸ ಮಾಡುತ್ತದೆ. ಜತೆಗೆ ಡಬ್ಬಿಂಗ್ ಎಂಬ ಆಸರೆಯೂ ಉಂಟು. ‘ಓಂ ಶಾಂತಿ ಓಂ’ನಲ್ಲಿ ದೀಪಿಕಾಗೆ ಕಂಠದಾನ ಮಾಡಿದ್ದು ಮೋನಾ ಘೋಷ್ ಶೆಟ್ಟಿ. ಮುಖ ಮೊದಲು, ದನಿ ಆಮೇಲೆ ಎಂಬ ರಿಯಾಯಿತಿ ಅವರಿಗೆ ದೊರೆಯಿತು. ‘ಕಾಕ್‌ಟೇಲ್’ (2012), ‘ಪೀಕು’ (2015) ಚಿತ್ರಗಳ ನಟಿ ರೂಪುಗೊಳ್ಳುವುದಕ್ಕೆ ನಡುವೆ ವರ್ಷಗಳೂ ಸೋತ ಚಿತ್ರಗಳೂ ಬೇಕಾದವು. ಅಮೆರಿಕದಲ್ಲಿ ಪರ್ಸಿಸ್‌ಗೆ ಸೋಲುವಷ್ಟು ಚಿತ್ರಗಳೂ ಇರಲಿಲ್ಲ, ದನಿಗೆ ರಿಯಾಯಿತಿಯೂ ಇರಲಿಲ್ಲ.

ಮೈಬಣ್ಣ, ಉಚ್ಚಾರಣೆ, ಅಂದಿನ ಹಾಲಿವುಡ್‌ನ ಸಂಕುಚಿತ ದೃಷ್ಟಿಯೇ ನಿಜವಾದ ತಡೆ ಎನ್ನುವವರ ಮಾತನ್ನು ಬಹುಮಟ್ಟಿಗೆ ಒಪ್ಪಲೇಬೇಕು. ಅನ್ಯಗ್ರಹದವಳು, ಭಯೋತ್ಪಾದಕಿ, ಎಲ್ಲಿಯದೆಂದು ಗೊತ್ತಿಲ್ಲದ ದೇಶದ ಅಧಿಕಾರಿ ಎಂಬ ಪಾತ್ರಗಳ ಸಾಲೇ ಅದನ್ನು ಸಾರಿ ಹೇಳುತ್ತದೆ: ನೆರೆಮನೆಯ ಹೆಂಗಸಾಗಿ ಅವರನ್ನು ಕಲ್ಪಿಸಿಕೊಳ್ಳಲು ಯಾರೂ ಸಿದ್ಧರಿರಲಿಲ್ಲ. ಆದರೆ ಈ ತಡೆ ಸಡಿಲಾದದ್ದೂ ಟಿ.ವಿ.ಯಲ್ಲೇ ಎಂಬುದನ್ನು ಮರೆಯಬಾರದು. 2000ದ ಮಿಸ್ ವರ್ಲ್ಡ್ ಪ್ರಿಯಾಂಕಾ ಚೋಪ್ರಾ, ಒಂದು ದಶಕಕ್ಕೂ ಹೆಚ್ಚು ಕಾಲ ಹಿಂದಿ ಚಿತ್ರಗಳಲ್ಲಿ ಪಳಗಿದ ಮೇಲೆ, ಅಮೆರಿಕದ ಪ್ರೇಕ್ಷಕರಿಗೆ ಪರಿಚಿತರಾದದ್ದು 2015ರಲ್ಲಿ ಎಬಿಸಿ ವಾಹಿನಿಯಲ್ಲಿ ಶುರುವಾದ ‘ಕ್ವಾಂಟಿಕೊ’ ಮಾಲಿಕೆಯಿಂದ. ವಾರವಾರ ಮನೆಯೊಳಗೆ ಬರುವ ಮುಖ ಪರಕೀಯವಾಗಿ ಬಹುಕಾಲ ಉಳಿಯುವುದಿಲ್ಲ. ಎರಡು ಗಂಟೆ ಕಂಡು ಹೋಗುವ ಮುಖಕ್ಕೆ ಆ ಅನುಕೂಲವಿಲ್ಲ. ಇನ್ನು ಆರೋಗ್ಯದ ವಿಷಯ. 1980ರಲ್ಲಿ ಜರ್ಮನಿಯಲ್ಲಿ ನಡೆದ ಕಾರು ಅಪಘಾತ, 1983ರ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಎರಡೂ ಅವರ ಕಸುವನ್ನು ಕುಗ್ಗಿಸಿದವು. ಮೂವತ್ತೈದರ ಸುಮಾರಿನಲ್ಲಿ ಬೈಪಾಸ್ ಎಂದರೆ ಯಾವ ನಟಿಗೂ ಭಾರೀ ಪೆಟ್ಟು. ಹಾಗೆಂದು ಅದೊಂದನ್ನೇ ಕಾರಣ ಮಾಡುವಂತಿಲ್ಲ, ಏಕೆಂದರೆ ‘ಮೆಗಾಫೋರ್ಸ್’ನಂಥ ಪಾತ್ರಗಳು ಆ ಶಸ್ತ್ರಚಿಕಿತ್ಸೆಗೆ ಮೊದಲೇ ಬಂದಿದ್ದವು.

1980ರ ದಶಕದ ಮಧ್ಯದಲ್ಲಿ ಅವರು ಮುಂಬಯಿಗೆ ಮರಳಿದಾಗ ಭಾರತದಲ್ಲಿ ಕಿರುತೆರೆಯ ಕಾಲ ಆಗತಾನೇ ಶುರುವಾಗಿತ್ತು. 1986ರಲ್ಲಿ ಆದಿತ್ಯ ಪಂಚೋಲಿ, ಮಾರ್ಕ್ ಜುಬೇರ್ ಜತೆ ‘ಶಿಂಗೋರಾ’ ಎಂಬ ಹಿಂದಿ ಟಿ.ವಿ. ನಿರ್ಮಾಣದಲ್ಲಿ ನಟಿಸಿದರು. ಇಪ್ಪತ್ತು ವರ್ಷ ಮುಂಚೆ ಬೇಕಾಗಿದ್ದ ಅವಕಾಶ ಹೀಗೆ ತಡವಾಗಿ ಸಿಕ್ಕಿತು. ಮತ್ತೆ ಅಮೆರಿಕಕ್ಕೆ ಹೋಗಿ ‘ಮೈಕ್ ಹ್ಯಾಮರ್’, ‘ಮೆಕ್‌ಗೈವರ್’ ಮಾಲಿಕೆಗಳಲ್ಲಿ ಅತಿಥಿ ಪಾತ್ರಗಳನ್ನು ಮಾಡಿದರು. ಅತಿಥಿ ಪಾತ್ರವೆಂದರೆ ಒಂದು ಕಂತಿನ ಕೆಲಸ. ಮಾಲಿಕೆಯ ಒಳಗಿದ್ದೂ ಅದರ ದೀರ್ಘಾವಧಿಯ ಫಲ ಸಿಗದ ಜಾಗ ಅದು. 1993ರಲ್ಲಿ ‘ಲೋಯಿಸ್ ಅಂಡ್ ಕ್ಲಾರ್ಕ್’ ಮಾಲಿಕೆಯ ಮೊದಲ ಕಂತಿನಲ್ಲಿ ಅಂತರರಾಷ್ಟ್ರೀಯ ಸಭೆಯೊಂದರ ಅಧ್ಯಕ್ಷೆಯಾಗಿ ಕಾಣಿಸಿಕೊಂಡದ್ದೇ ಅವರ ಕೊನೆಯ ಪಾತ್ರ. 1997ರಲ್ಲಿ ಮಿಸ್ ಇಂಡಿಯಾ ವಿಜೇತೆಯರ ಕುರಿತು ‘ಪ್ರೈಡ್ ಆಫ್ ಇಂಡಿಯಾ’ ಎಂಬ ಪುಸ್ತಕ ಹೊರತಂದು ಮದರ್ ತೆರೇಸಾ ಅವರಿಗೆ ಅರ್ಪಿಸಿದರು. 1998ರ ಆಗಸ್ಟ್ 18ರಂದು ಮುಂಬಯಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 49 ವರ್ಷ. ಅವರ ನಟನೆಯ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳಲು ಬಯಸುವವರು ಬೋಳು ತಲೆಯ ಭಿತ್ತಿಚಿತ್ರಗಳನ್ನು ಪಕ್ಕಕ್ಕಿಟ್ಟು, ಮೊದಲು ‘ಕಾಂಡಕ್ಟ್ ಅನ್‌ಬಿಕಮಿಂಗ್’ನ ಮಿಸೆಸ್ ಬಂಡನಾಯ್ ಪಾತ್ರವನ್ನೂ ಆಮೇಲೆ ‘ಸ್ಟಾರ್ ಟ್ರೆಕ್’ನ ಹಣೆಪಟ್ಟಿಯ ದೃಶ್ಯವನ್ನೂ ನೋಡುವುದು ಒಳ್ಳೆಯದು.